ಓವನ್ ಚಾರ್ಟ್ ಸರಿಯಾಗಿದೆ, ಪಾರ್ಟ್‌ನ ಒಳಗೆ ಮಾತ್ರ ಕಂದು ಬಣ್ಣ. ಏನಾಗಿರಬಹುದು?

ದಪ್ಪಫ್ಲೇಂಜ್
ಎಲ್ಲರಿಗೂ ನಮಸ್ಕಾರ. ನಾವು ಗ್ಲಾಸ್-ಎಪಾಕ್ಸಿ ಪಾರ್ಟ್‌ಗಳನ್ನು ವ್ಯಾಕ್ಯೂಮ್ ಇನ್ಫ್ಯೂಷನ್‌ನಲ್ಲಿ (ಒಣ ಗಾಜಿನ ಬಟ್ಟೆಯನ್ನು ಬ್ಯಾಗಿನಿಂದ ಮುಚ್ಚಿ, ಗಾಳಿ ಎಳೆದು, ರೆಸಿನ್ ತುಂಬುವ ವಿಧಾನ) ಮಾಡುವವರು. ಇಲ್ಲಿಯವರೆಗೆ ಎಲ್ಲವೂ 3 ಮಿಮೀ, 4 ಮಿಮೀ ದಪ್ಪದವೇ. ಒಂದು ದಿನವೂ ಕೈ ಕೊಟ್ಟಿರಲಿಲ್ಲ. ಈಗ ಮೊದಲ ಸಲ 32 ಮಿಮೀ ದಪ್ಪದ್ದು ಬಂದಿದೆ. ಒಂದು ತುದಿಯಲ್ಲಿ ತೆಳುವಾಗಿ 6 ಮಿಮೀಗೆ ಇಳಿಯುತ್ತದೆ. ಮೋಲ್ಡ್ ಗ್ಲಾಸ್ ಫೈಬರಿನದ್ದು, ಆ ತೆಳು ತುದಿಯ ಕೆಳಗೆ ಮಾತ್ರ ಭಾರವಾದ ಸ್ಟೀಲ್ ಚೌಕಟ್ಟು ಇದೆ.

ತೆಳು ಪಾರ್ಟ್‌ಗೆ ಏನು ಮಾಡುತ್ತಿದ್ದೆವೋ ಅದನ್ನೇ ಮಾಡಿದೆವು. ರೆಸಿನ್ ತುಂಬಿದ ಮೇಲೆ ಓವನ್‌ಗೆ ಹಾಕಿ, ನಿಮಿಷಕ್ಕೆ 1 ಡಿಗ್ರಿಯಂತೆ 80 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿಸಿ, 6 ಗಂಟೆ ಬಿಟ್ಟೆವು. ಹೊರಗಿನಿಂದ ನೋಡಿದರೆ ಚೆನ್ನಾಗಿದೆ. ಕತ್ತರಿಸಿ ನೋಡಿದರೆ ನಡುವೆ ಕಂದು ಬಣ್ಣ, ಪದರಗಳ ಉದ್ದಕ್ಕೂ ಕೂದಲೆಳೆಯಂಥ ಬಿರುಕು. ಓವನ್ ಚಾರ್ಟ್ ತೆಗೆದು ನೋಡಿದೆವು. 80ರಿಂದ 2 ಡಿಗ್ರಿಯೂ ಆಚೀಚೆ ಆಗಿಲ್ಲ. ರೆಸಿನ್ ಬ್ಯಾಚೇ ಕೆಟ್ಟಿತ್ತಾ?

ಬ್ಯಾಗುಪಂಪು
ಚಾರ್ಟ್‌ನಲ್ಲಿರುವ ಥರ್ಮೋಕಪಲ್ (ಉಷ್ಣತೆ ಅಳೆಯುವ ತಂತಿ ಜೋಡಿ) ಎಲ್ಲಿದೆ? ಪಾರ್ಟ್ ಒಳಗೆ ಎಷ್ಟು ಇಟ್ಟಿದ್ದಿರಿ?

ದಪ್ಪಫ್ಲೇಂಜ್
ಓವನ್ ಗೋಡೆ ಹತ್ತಿರ, ಗಾಳಿಯಲ್ಲಿ ಒಂದು. ಪಾರ್ಟ್ ಒಳಗೆ ಒಂದೂ ಇಲ್ಲ. ತೆಳು ಪಾರ್ಟ್‌ಗೆ ಬೇಕಾಗಿರಲಿಲ್ಲ.

ಬ್ಯಾಗುಪಂಪು
ಹಾಗಾದರೆ ಆ ಚಾರ್ಟ್ ಹೇಳುತ್ತಿರುವುದು ಗಾಳಿಯ ಕಥೆ. ಪಾರ್ಟ್‌ನ ಕಥೆ ಬೇರೆ. ಮೇಲೆ 80, ಒಳಗೆ ಬೂದಿ ಮುಚ್ಚಿದ ಕೆಂಡ. ರೆಸಿನ್ ಬ್ಯಾಚ್ ಮೇಲೆ ಅನುಮಾನ ಪಡುವ ಮೊದಲು ಅದೇ ದಪ್ಪದ ಒಂದು ಚಿಕ್ಕ ಬ್ಲಾಕ್ ಮಾಡಿ. ನಡುಪದರದಲ್ಲಿ ಒಂದು ತಂತಿ ಇಟ್ಟು ಅದೇ ಸೈಕಲ್ ಮತ್ತೊಮ್ಮೆ ಓಡಿಸಿ. ಹತ್ತಿರದಲ್ಲೇ ನಿಂತು ನೋಡಿ, ಹೊಗೆ ಬರಬಹುದು.

ಡಿಎಸ್‌ಸಿ ಮೇಜು
ಟೆಸ್ಟ್ ಮಾಡುವ ಮೊದಲೇ ಒಂದು ಪೆನ್ಸಿಲ್ ಲೆಕ್ಕ ಹಾಕಬಹುದು.

ಎಪಾಕ್ಸಿ ಪೂರ್ತಿ ಕ್ಯೂರ್ ಆಗುವಾಗ, ಅಂದರೆ ಹಾರ್ಡ್ನರ್ ಜೊತೆ ಪೂರ್ತಿ ಕೂಡಿಕೊಳ್ಳುವಾಗ, ಒಂದು ಗ್ರಾಂಗೆ ಸುಮಾರು 400ರಿಂದ 500 ಜೂಲ್ ಶಾಖ ಬಿಡುತ್ತದೆ. 450 ಅಂದುಕೊಳ್ಳೋಣ. ನಿಮ್ಮ ಲ್ಯಾಮಿನೇಟ್‌ನ ತೂಕದಲ್ಲಿ ರೆಸಿನ್ ಸುಮಾರು 30 ಶೇಕಡಾ ಇರಬಹುದು, ಉಳಿದದ್ದು ಗಾಜು. ಅಂದರೆ ಲ್ಯಾಮಿನೇಟ್‌ನ ಪ್ರತಿ ಗ್ರಾಂಗೆ 135 ಜೂಲ್. ಒಂದು ಗ್ರಾಂ ಲ್ಯಾಮಿನೇಟ್ 1 ಡಿಗ್ರಿ ಏರಲು 1.1 ಜೂಲ್ ಹತ್ತಿರ ಬೇಕು. ಹೊರಗೆ ಒಂದು ಚೂರೂ ಶಾಖ ಹೋಗದಿದ್ದರೆ 120 ಡಿಗ್ರಿ ಏರಿಕೆ! ಅದು 80ರ ಮೇಲೆ. ನಿಜದಲ್ಲಿ ಸ್ವಲ್ಪ ಹೊರಗೆ ಹೋಗುತ್ತದೆ, ಅಷ್ಟು ಏರುವುದಿಲ್ಲ. ಆದರೆ ನಡುವೆ 150 ದಾಟಿದ್ದರೆ ನನಗೆ ಆಶ್ಚರ್ಯವಿಲ್ಲ.

ಹಾಗಾದರೆ ತೆಳು ಪಾರ್ಟ್‌ನಲ್ಲಿ ಯಾಕೆ ಆಗಲಿಲ್ಲ? ಅಲ್ಲೂ ಪ್ರತಿ ಗ್ರಾಂಗೆ ಅಷ್ಟೇ ಶಾಖ ಹುಟ್ಟುತ್ತದೆ. ವ್ಯತ್ಯಾಸ ಇರುವುದು ಆ ಶಾಖ ಹೊರಬರಲು ಬೇಕಾದ ಸಮಯದಲ್ಲಿ. ಅದು ದಪ್ಪದ ವರ್ಗದಂತೆ ಬೆಳೆಯುತ್ತದೆ. 4 ಮಿಮೀ ಲ್ಯಾಮಿನೇಟ್‌ನ ನಡುವಿನಿಂದ ಮೇಲ್ಮೈಗೆ ಶಾಖ ಬರಲು ಸುಮಾರು 20 ಸೆಕೆಂಡ್. ನಿಮ್ಮದು 8 ಪಟ್ಟು ದಪ್ಪ, ಆದ್ದರಿಂದ 64 ಪಟ್ಟು ಸಮಯ. ಸುಮಾರು 20 ನಿಮಿಷ. ಅಷ್ಟರಲ್ಲಿ ಒಳಗೆ ಹುಟ್ಟಿದ ಶಾಖ ರೆಸಿನ್ ವೇಗವನ್ನೇ ಹೆಚ್ಚಿಸುತ್ತದೆ. ಸುಮಾರು 10 ಡಿಗ್ರಿ ಏರಿದರೆ ವೇಗ ಎರಡು ಪಟ್ಟು. ವೇಗ ಹೆಚ್ಚಿದರೆ ಇನ್ನಷ್ಟು ಶಾಖ. ಮುಂದಿನದು ನಿಮ್ಮ ಮೇಜಿನ ಮೇಲೇ ಇದೆ.

ಇನ್ನೊಂದು ವಿಷಯ. ನಿಮ್ಮ ಮೋಲ್ಡ್ ಕೂಡ ಗ್ಲಾಸ್ ಫೈಬರ್. ಕೆಳಗಿನ ದಾರಿಯೂ ಅರ್ಧ ಮುಚ್ಚಿದ ಹಾಗೆ.

ಕೋಬಾಲ್ಟ್‌ಕೈ
ಇಷ್ಟೆಲ್ಲ ಲೆಕ್ಕ ಯಾಕೆ ಗುರು? ಹಾರ್ಡ್ನರ್ ಸ್ವಲ್ಪ ಕಮ್ಮಿ ಹಾಕಿ, ನಿಧಾನ ಆಗುತ್ತದೆ. ನಾನು 20 ವರ್ಷದಿಂದ ಹಾಗೇ ಮಾಡುತ್ತಿದ್ದೇನೆ. ಚಳಿಗೆ 2 ಶೇಕಡಾ, ಸೆಕೆಗೆ 1.

ಡಿಎಸ್‌ಸಿ ಮೇಜು
ಸರ್, ನೀವು ಹೇಳುತ್ತಿರುವುದು ಪಾಲಿಯೆಸ್ಟರ್. ಅಲ್ಲಿ ಹಾರ್ಡ್ನರ್ ಅಂತ ಹಾಕುವ ಎಂಇಕೆಪಿ (ಒಂದು ಪೆರಾಕ್ಸೈಡ್) ಬರೀ ಕಿಡಿ ಹಚ್ಚುವ ಕೆಲಸ ಮಾಡುತ್ತದೆ. ಸ್ವಲ್ಪ ಹೆಚ್ಚು ಕಡಿಮೆ ಮಾಡಿ ವೇಗ ಬದಲಾಯಿಸಬಹುದು. ಎಪಾಕ್ಸಿಯಲ್ಲಿ ಹಾರ್ಡ್ನರ್ ಅನ್ನುವುದು ಗೋಡೆಯ ಅರ್ಧ ಇಟ್ಟಿಗೆ ಇದ್ದ ಹಾಗೆ. ಕಮ್ಮಿ ಹಾಕಿದರೆ ಜೋಡಿ ಸಿಗದ ಎಪಾಕ್ಸಿ ಹಾಗೇ ಉಳಿಯುತ್ತದೆ. ಎಷ್ಟು ದಿನ ಓವನ್‌ನಲ್ಲಿಟ್ಟರೂ ಅದು ಗಟ್ಟಿಯಾಗುವುದಿಲ್ಲ. ನಿಧಾನ ಬೇಕಿದ್ದರೆ ನಿಧಾನದ ಹಾರ್ಡ್ನರ್ ತೆಗೆದುಕೊಳ್ಳಬೇಕು. ಅಳತೆ ಮುಟ್ಟಬಾರದು.

ಕೋಬಾಲ್ಟ್‌ಕೈ
ಸರಿ, ಒಪ್ಪಿದೆ. ಎಪಾಕ್ಸಿ ನನ್ನ ಕ್ಷೇತ್ರ ಅಲ್ಲ. ಪಾಲಿಯೆಸ್ಟರ್ ಕಡೆಯಿಂದ ಹೊಸಬರಿಗೆ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲಿ ಯಾರಾದರೂ ಓದುತ್ತಿರಬಹುದು. ಕೋಬಾಲ್ಟ್ (ಕ್ಯೂರ್‌ಗೆ ವೇಗ ಕೊಡುವ ದ್ರವ) ಮತ್ತು ಎಂಇಕೆಪಿಯನ್ನು ನೇರವಾಗಿ ಒಂದಕ್ಕೊಂದು ಬೆರೆಸಬೇಡಿ. ಸಿಡಿಯುತ್ತದೆ. ಮೊದಲು ಕೋಬಾಲ್ಟ್ ಅನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಎಂಇಕೆಪಿ. ನಮ್ಮಲ್ಲಿ ಕ್ಯೂರ್ ನೋಡುವುದು ಬಾರ್ಕೋಲ್ ಗಡಸುತನ ಮೀಟರ್‌ನಿಂದ, ಮತ್ತೆ ಅಸಿಟೋನ್ ಬಟ್ಟೆಯಿಂದ ಒರೆಸಿ. ಅಂಟಿದರೆ ಆಗಿಲ್ಲ, ಅಷ್ಟೇ.

ಕಲಿಯುವವಳು
ಪ್ರಶ್ನೆ ಸಿಲ್ಲಿ ಅನ್ನಿಸಿದರೆ ಕ್ಷಮಿಸಿ. ಜೆಲ್ ಆಗುವುದು, ಗಟ್ಟಿಯಾಗುವುದು, ಕ್ಯೂರ್ ಆಗುವುದು ಮೂರೂ ಒಂದೇ ಅಲ್ವಾ?

ಡಿಎಸ್‌ಸಿ ಮೇಜು
ಸಿಲ್ಲಿ ಏನಿಲ್ಲ. ನೂರಕ್ಕೆ ತೊಂಬತ್ತು ಜಗಳ ಈ ಮೂರನ್ನು ಒಂದೇ ಅಂದುಕೊಳ್ಳುವುದರಿಂದಲೇ ಶುರುವಾಗುತ್ತದೆ.

ಜೆಲ್ ಅಂದರೆ ಅಣುಗಳ ಬಲೆ ಪಾರ್ಟ್‌ನ ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಸೇರಿಕೊಂಡ ಕ್ಷಣ. ಅಲ್ಲಿಂದ ಮುಂದೆ ರೆಸಿನ್ ಹರಿಯುವುದಿಲ್ಲ. ಒಳಗೆ ಸಿಕ್ಕಿಕೊಂಡ ಗುಳ್ಳೆ ಅಲ್ಲೇ ಉಳಿಯಿತು. ಸಾಮಾನ್ಯ ಎಪಾಕ್ಸಿ ಮತ್ತು ಡೈಅಮೈನ್ (ಒಂದು ಬಗೆಯ ಹಾರ್ಡ್ನರ್) ಜೋಡಿಗೆ ಸಿದ್ಧಾಂತದ ಪ್ರಕಾರ ಇದು ಸುಮಾರು 58 ಶೇಕಡಾ ಕ್ಯೂರ್‌ನಲ್ಲಿ ಬರುತ್ತದೆ. ಅಂದರೆ ಜೆಲ್ ಆದಾಗ ಇನ್ನೂ 40 ಶೇಕಡಾಕ್ಕಿಂತ ಜಾಸ್ತಿ ಕೆಲಸ ಬಾಕಿ. ಬಿಡಬೇಕಾದ ಶಾಖವೂ ಅಷ್ಟು ಬಾಕಿ.

ಎರಡನೆಯದು ಗಾಜಿನಂತಾಗುವುದು. ರೆಸಿನ್ ಕ್ಯೂರ್ ಆದಂತೆ ಅದರ ಟಿಜಿ ಏರುತ್ತಾ ಹೋಗುತ್ತದೆ. ಟಿಜಿ ಅಂದರೆ ಯಾವ ಉಷ್ಣತೆಯ ಕೆಳಗೆ ಅದು ಗಾಜಿನ ಹಾಗೆ ಬಿಗಿಯಾಗಿರುತ್ತದೋ ಅದು. ಟಿಜಿ ಏರಿ ಓವನ್ ಉಷ್ಣತೆಯನ್ನು ಹಿಡಿದರೆ ಅಣುಗಳು ಅಲುಗಾಡಲಾರವು. ಕ್ರಿಯೆ ತೆವಳುತ್ತದೆ. ಟಿಜಿ ಓವನ್‌ಗಿಂತ ಸ್ವಲ್ಪ ಮೇಲೆ ಹೋಗಿ ನಿಂತುಬಿಡುತ್ತದೆ. ಕೈಗೆ ಕಲ್ಲಿನ ಹಾಗೆ ಗಟ್ಟಿ. ಕ್ಯೂರ್ ಮಾತ್ರ ಪೂರ್ತಿ ಆಗಿರುವುದಿಲ್ಲ. ಅದಕ್ಕೇ ಪೋಸ್ಟ್ ಕ್ಯೂರ್, ಅಂದರೆ ಆಮೇಲೆ ಇನ್ನೊಮ್ಮೆ ಹೆಚ್ಚು ಬಿಸಿ ಮಾಡುವುದು, ಬೇಕು. ಅದನ್ನೂ ನಿಧಾನ ಏರಿಸಬೇಕು, ಟಿಜಿ ಯಾವಾಗಲೂ ಓವನ್‌ಗಿಂತ ಒಂದು ಹೆಜ್ಜೆ ಮುಂದೆ ಇರುವ ಹಾಗೆ. ಇಲ್ಲದಿದ್ದರೆ ಮೋಲ್ಡ್‌ನಿಂದ ತೆಗೆದ ಪಾರ್ಟ್ ಮೆತ್ತಗಾಗಿ ಬಾಗುತ್ತದೆ.

ಸೆನ್ಸರ್‌ಹುಚ್ಚ
ಥರ್ಮೋಕಪಲ್ ಉಷ್ಣತೆ ಹೇಳುತ್ತದೆ, ಕ್ಯೂರ್ ಹೇಳುವುದಿಲ್ಲ. ಕ್ಯೂರ್ ನೇರವಾಗಿ ನೋಡಬೇಕಿದ್ದರೆ ಡೈಎಲೆಕ್ಟ್ರಿಕ್ ಸೆನ್ಸರ್ ಹಾಕಿ. ಬಾಚಣಿಗೆ ಹಲ್ಲುಗಳು ಒಂದರೊಳಗೊಂದು ಕೂತ ಹಾಗೆ ಎರಡು ಎಲೆಕ್ಟ್ರೋಡ್. ರೆಸಿನ್‌ನಲ್ಲಿ ಚೂರುಪಾರು ಅಯಾನ್‌ಗಳು ಇದ್ದೇ ಇರುತ್ತವೆ. ರೆಸಿನ್ ತೆಳುವಿದ್ದಾಗ ಅವು ಸರಾಗವಾಗಿ ಓಡಾಡುತ್ತವೆ, ಗಟ್ಟಿಯಾದಂತೆ ಸಿಕ್ಕಿಕೊಳ್ಳುತ್ತವೆ. ಆ ಅಡ್ಡಿಯನ್ನು ಅಳೆದರೆ ಅದೇ ಅಯಾನ್ ವಿಸ್ಕಾಸಿಟಿ. ಬಿಸಿ ಏರುವಾಗ ಗ್ರಾಫ್ ಮೊದಲು ಇಳಿಯುತ್ತದೆ, ತಳ ಮುಟ್ಟುತ್ತದೆ, ಆಮೇಲೆ ಹತ್ತಾರು, ನೂರಾರು ಪಟ್ಟು ಏರಿ ಚಪ್ಪಟೆಯಾಗುತ್ತದೆ. ಚಪ್ಪಟೆಯಾದರೆ ಆ ಉಷ್ಣತೆಯಲ್ಲಿ ಆಗಬಹುದಾದ ಕ್ಯೂರ್ ಮುಗಿದ ಹಾಗೆ. ಗಡಿಯಾರ ನೋಡಿ 6 ಗಂಟೆ ಕಾಯುವ ಅಗತ್ಯವೇ ಇಲ್ಲ.

ಆಟೋಕ್ಲೇವ್ ರಾತ್ರಿಪಾಳಿ
ಡೈಎಲೆಕ್ಟ್ರಿಕ್ ಒಳ್ಳೆಯದೇ, ಆದರೆ ಅಷ್ಟು ಸಲೀಸಲ್ಲ. ನಾನು ಕಾರ್ಬನ್ ಪಾರ್ಟ್ ಮೇಲೆ ಮೊದಲ ಸಲ ಹಾಕಿದಾಗ ಗ್ರಾಫ್ ನೇರ ಗೆರೆ. ಅರ್ಧ ದಿನ ಕೇಬಲ್ ಹುಡುಕಿದೆ. ಕೊನೆಗೆ ನೋಡಿದರೆ ಕಾರ್ಬನ್ ನಾರು ಎಲೆಕ್ಟ್ರೋಡ್ ಮೇಲೆ ಕೂತು ಶಾರ್ಟ್ ಆಗಿತ್ತು. ಕಾರ್ಬನ್ ವಿದ್ಯುತ್ ಹರಿಸುತ್ತದಲ್ಲ! ನಡುವೆ ತೆಳು ಗ್ಲಾಸ್ ಬಟ್ಟೆ ಇಡಬೇಕು. ರೆಸಿನ್ ಮಾತ್ರ ಸೋಸಿ ಬರುತ್ತದೆ.

ಇನ್ನೊಂದು. ತಣ್ಣಗಾದರೂ ಅಯಾನ್ ವಿಸ್ಕಾಸಿಟಿ ಏರುತ್ತದೆ. ಓವನ್ ಕೈಕೊಟ್ಟು ಉಷ್ಣತೆ ಇಳಿದರೂ ಗ್ರಾಫ್ ನೋಡಿ ‘ಆಹಾ ಕ್ಯೂರ್ ಆಯ್ತು’ ಅನ್ನಿಸಬಹುದು. ಪಕ್ಕದಲ್ಲಿ ಥರ್ಮೋಕಪಲ್ ಇಲ್ಲದೆ ಅದನ್ನು ಓದಲೇಬಾರದು.

ಸೆನ್ಸರ್‌ಹುಚ್ಚ
ಒಪ್ಪುತ್ತೇನೆ. ಜೆಲ್ ಆದ ಕ್ಷಣವೂ ಅದರಲ್ಲಿ ಬೇರೆ ಗುರುತಾಗಿ ಕಾಣುವುದಿಲ್ಲ. ರೆಸಿನ್ ಹರಿಯುವುದು ನಿಂತರೂ ಬಲೆಯ ತೂತುಗಳಲ್ಲಿ ಅಯಾನ್‌ಗಳು ಓಡಾಡುತ್ತಲೇ ಇರುತ್ತವೆ. ಲ್ಯಾಬ್‌ನಲ್ಲಿ ರಿಯೋಮೀಟರ್ (ರೆಸಿನ್ ಹರಿವನ್ನು ಅಳೆಯುವ ಯಂತ್ರ) ಜೊತೆ ಹೋಲಿಸಿ ಗುರುತು ಹಾಕಿಕೊಂಡಿದ್ದೇವೆ. ಆದರೂ ಹತ್ತಾರು ಪಾರ್ಟ್ ಒಂದೇ ಥರ ಮಾಡುವವರಿಗೆ ಬ್ಯಾಚ್‌ನಿಂದ ಬ್ಯಾಚ್‌ಗೆ ಆಗುವ ಬದಲಾವಣೆಯನ್ನು ಇದು ಹಿಡಿಯುವಷ್ಟು ಬೇರೇನೂ ಹಿಡಿಯುವುದಿಲ್ಲ. ಅಲ್ಟ್ರಾಸೌಂಡ್ ಕೂಡ ಇದೆ. ರೆಸಿನ್ ಗಟ್ಟಿಯಾದಂತೆ ಅದರಲ್ಲಿ ಶಬ್ದ ವೇಗವಾಗಿ ಹೋಗುತ್ತದೆ.

ಬ್ಯಾಗುಪಂಪು
ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇವರ ಹತ್ತಿರ ಪಾರ್ಟ್ ಒಳಗೆ ಒಂದು ಥರ್ಮೋಕಪಲ್ಲೂ ಇಲ್ಲ. ಮೊದಲು ಅದು ಆಗಲಿ. ಸೆನ್ಸರ್ ಆಮೇಲೆ.

ದಪ್ಪಫ್ಲೇಂಜ್ ಅವರೇ, ತಂತಿ ಇಡುವಾಗ ನಾನು ಮಾಡಿದ ತಪ್ಪುಗಳನ್ನು ನೀವು ಮಾಡಬೇಡಿ. ಮೀಟರ್ ಕಡೆಯಿಂದ ಬಂದರೆ ಎರಡು ತಂತಿ ಎಲ್ಲಿ ಮೊದಲು ಮುಟ್ಟುತ್ತವೋ ಅಲ್ಲಿನ ಉಷ್ಣತೆಯನ್ನೇ ಮೀಟರ್ ತೋರಿಸುತ್ತದೆ. ತುದಿಯಲ್ಲಿ ಚೆನ್ನಾಗಿ ವೆಲ್ಡ್ ಮಾಡಿ, ಬ್ಯಾಗಿನ ಅಂಚು ಮುಚ್ಚುವ ಸೀಲೆಂಟ್ ಟೇಪ್ ಕೆಳಗೆ ಎರಡೂ ಬರಿ ತಂತಿ ಮುಟ್ಟಿದರೆ ನೀವು ಅಳೆಯುತ್ತಿರುವುದು ಟೇಪಿನ ಬಿಸಿ. ನಾನು ಎರಡು ವಾರ ಟೇಪ್ ಅಳೆದಿದ್ದೇನೆ.

ಟೇಪ್ ದಾಟುವಲ್ಲಿ ತಂತಿಯ ಹೊದಿಕೆ ಬಿಡಿಸಿ, ಎರಡನ್ನೂ ದೂರ ದೂರ ಇಟ್ಟು, ಮೇಲೆ ಕೆಳಗೆ ಟೇಪ್ ಒತ್ತಿ. ಹೊದಿಕೆ ಹಾಗೇ ಬಿಟ್ಟರೆ ಅದರೊಳಗಿಂದಲೇ ಗಾಳಿ ಎಳೆಯುತ್ತದೆ. ವ್ಯಾಕ್ಯೂಮ್ ಹೋಯಿತು. ತಂತಿ ಆದಷ್ಟು ಸಣ್ಣದಿರಲಿ. ಟ್ರಯಲ್ ಬ್ಲಾಕ್‌ನಲ್ಲಿ ನಡುವೆಯೇ ಇಡಿ. ನಿಜವಾದ ಪಾರ್ಟ್‌ನಲ್ಲಿ ಕತ್ತರಿಸಿ ಬಿಸಾಡುವ ಅಂಚಿನಲ್ಲಿ ಇಡಿ. ಎರಡರ ನಡುವಿನ ವ್ಯತ್ಯಾಸ ಟ್ರಯಲ್‌ನಲ್ಲೇ ಗೊತ್ತಾಗಿರಬೇಕು.

ಕೇಬಲ್ ಉದ್ದ ಮಾಡಲು ಸಾಮಾನ್ಯ ತಾಮ್ರದ ವೈರ್ ಸೇರಿಸಬೇಡಿ. ಅಮೆರಿಕದ ಬಣ್ಣದ ಕ್ರಮದಲ್ಲಿ ಕೆಂಪು ತಂತಿ ನೆಗೆಟಿವ್. ಎಲೆಕ್ಟ್ರಿಷಿಯನ್‌ಗಳು ಇಲ್ಲೇ ಎಡವುವುದು. ಬಿಸಿ ಮಾಡಿದಷ್ಟೂ ಮೀಟರ್ ಕೆಳಗಿಳಿದರೆ ತಿರುಗಾಮುರುಗಾ ಆಗಿದೆ ಅಂತ ಅರ್ಥ.

ದಪ್ಪಫ್ಲೇಂಜ್
ಟೆಸ್ಟ್ ಆಯ್ತು. 400 ಮಿಮೀ ಚೌಕದ, 32 ಮಿಮೀ ದಪ್ಪದ ಬ್ಲಾಕ್. ಹಳೆಯ ಸೈಕಲ್ಲೇ. ಮೊದಲ ಮುಕ್ಕಾಲು ಗಂಟೆ ನಡುವಿನ ತಂತಿ ಗಾಳಿಗಿಂತ ಹಿಂದೆಯೇ ಇತ್ತು. ‘ಇದೇನು, ತಣ್ಣಗೇ ಇದೆಯಲ್ಲ’ ಅಂದುಕೊಂಡೆ. ಆಮೇಲೆ ಗಾಳಿಯನ್ನು ದಾಟಿತು. ದಾಟಿದ ಮೇಲೆ ನಿಲ್ಲಲೇ ಇಲ್ಲ. 158ಕ್ಕೆ ಹೋಯಿತು. ಅಂಚಿನಿಂದ 20 ಮಿಮೀ ಒಳಗಿದ್ದ ಇನ್ನೊಂದು ತಂತಿ 104. ನಾನು ಬಾಗಿಲು ತೆಗೆಯುವವರೆಗೂ ಓವನ್ ಚಾರ್ಟ್ ಎಂದಿನಂತೆ 80, ಏನೂ ಆಗದ ಹಾಗೆ.

100 ಆದಾಗ ಗಾಬರಿಯಾಗಿ ಓವನ್ ಆಫ್ ಮಾಡಿ ಬಾಗಿಲು ತೆಗೆದೆ. ಏನೂ ಪ್ರಯೋಜನ ಆಗಲಿಲ್ಲ. ಹಾಗಾದರೆ ಕಂಟ್ರೋಲ್ ಮಾಡುವುದು ಹೇಗೆ?

ಡಿಎಸ್‌ಸಿ ಮೇಜು
ಬಾಗಿಲು ತೆಗೆದ ಸುದ್ದಿ ನಡುವಿಗೆ ಮುಟ್ಟಲು 20 ನಿಮಿಷ ಬೇಕು, ಲೆಕ್ಕ ನೆನಪಿದೆಯಲ್ಲ? ಓಡಲು ಶುರುವಾದ ಎಕ್ಸೋಥರ್ಮ್ (ಕ್ಯೂರ್ ಆಗುವಾಗ ಒಳಗೇ ಹುಟ್ಟುವ ಶಾಖ) ಅನ್ನು ಹೊರಗಿನ ಗಾಳಿಯಿಂದ ಹಿಡಿಯಲಾಗುವುದಿಲ್ಲ. ಶುರುವಾಗುವ ಮೊದಲೇ ಹಿಡಿಯಬೇಕು. ಕಡಿಮೆ ಉಷ್ಣತೆಯಲ್ಲಿ ಒಂದು ತಂಗುದಾಣ ಕೊಡಿ. 45 ಡಿಗ್ರಿ ಹತ್ತಿರ ನಿಲ್ಲಿಸಿ. ಶಾಖದ ಹೆಚ್ಚಿನ ಪಾಲು ಅಲ್ಲೇ, ನಿಧಾನವಾಗಿ ಬಿಡಲಿ. ನಡುವಿನ ತಂತಿ ಏರಿ, ಗರಿಷ್ಠ ಮುಟ್ಟಿ, ಇಳಿದು ಗಾಳಿಯ ಹತ್ತಿರ ಬರುವವರೆಗೆ ಮುಂದೆ ಹೋಗಬೇಡಿ. ಗಂಟೆ ನೋಡಬೇಡಿ, ತಂತಿ ನೋಡಿ. ರೆಸಿನ್ ಸ್ವಲ್ಪ ಹಳೆಯದಾಗಿದ್ದರೆ, ಆ ದಿನ ಶೆಡ್ ಬಿಸಿ ಇದ್ದರೆ, ತುಂಬಲು ಅರ್ಧ ಗಂಟೆ ತಡವಾದರೆ ಆ ಗರಿಷ್ಠ ಬರುವ ಹೊತ್ತು ಬದಲಾಗುತ್ತದೆ.

ಕೋಬಾಲ್ಟ್‌ಕೈ
ಉಳಿದ ರೆಸಿನ್ ಬಕೆಟ್ ಏನು ಮಾಡಿದಿರಿ? ಅದರಲ್ಲಿ ಗಾಜೂ ಇಲ್ಲ, ಅಲ್ಲಿ 200 ದಾಟುತ್ತದೆ.

ಬ್ಯಾಗುಪಂಪು
ಇದು ನಿಜ. ಉಳಿದಿದ್ದನ್ನು ತಕ್ಷಣ ಅಗಲ ತಟ್ಟೆಯಲ್ಲಿ ತೆಳುವಾಗಿ ಹರಡಿ. ಹೊಗೆ ಶುರುವಾಗಿದ್ದರೆ ಮೂಗು ಹತ್ತಿರ ತರಬೇಡಿ.

ಆಟೋಕ್ಲೇವ್ ರಾತ್ರಿಪಾಳಿ
ನಮ್ಮಲ್ಲಿ ವಿಮಾನದ ಪ್ರೀಪ್ರೆಗ್ (ರೆಸಿನ್ ಮೊದಲೇ ತುಂಬಿದ ನಾರಿನ ಹಾಳೆ). ಮಾಮೂಲಿ ಸೈಕಲ್ 180 ಡಿಗ್ರಿ, 2 ಗಂಟೆ, ಸುಮಾರು 7 ಬಾರ್. ದಪ್ಪ ಇದ್ದರೆ ನಾವೂ ನಡುವೆ ತಂಗುದಾಣ ಕೊಡುತ್ತೇವೆ. ಆದರೆ ನಾನು ಹೇಳಬೇಕಾದ್ದು ಇನ್ನೊಂದು ಕಡೆಯದು. ಎಲ್ಲರೂ ಅತಿ ಬಿಸಿ ಜಾಗದ ಬಗ್ಗೆ ಮಾತಾಡುತ್ತಿದ್ದೀರಿ. ಅತಿ ತಣ್ಣನೆ ಜಾಗ ಎಲ್ಲಿದೆ? ಪಾರ್ಟ್‌ನಲ್ಲಿ ಎಲ್ಲಕ್ಕಿಂತ ಮುಂದೆ ಓಡುವ ತಂತಿ ಒಂದು, ಎಲ್ಲಕ್ಕಿಂತ ಹಿಂದೆ ಉಳಿಯುವ ತಂತಿ ಒಂದು. ಮುಂದಿನದು ಮಿತಿ ದಾಟಬಾರದು. ಹಿಂದಿನದು ಗುರಿ ಮುಟ್ಟಿದ ಮೇಲೆಯೇ ಗಂಟೆ ಎಣಿಸಲು ಶುರು ಮಾಡಬೇಕು. ಮೊದಲ ಪೋಸ್ಟ್‌ನಲ್ಲಿ ಸ್ಟೀಲ್ ಚೌಕಟ್ಟು ಅಂದಿರಲ್ಲ, ನನ್ನ ಕಣ್ಣು ಅಲ್ಲೇ ಇದೆ.

ಓವನ್‌ನಲ್ಲಿ ಇದು ಇನ್ನೂ ಕಷ್ಟ. ಆಟೋಕ್ಲೇವ್ ಅಂದರೆ ಒತ್ತಡದ ಓವನ್, ಅಲ್ಲಿ ಒತ್ತಡದಿಂದ ಗಾಳಿ ದಟ್ಟವಾಗಿರುತ್ತದೆ, ಶಾಖ ಚೆನ್ನಾಗಿ ಮುಟ್ಟಿಸುತ್ತದೆ. ಓವನ್ ಗಾಳಿ ತೆಳು. ಮೋಲ್ಡ್ ಹಿಂದೆ ಗಾಳಿ ಆಡದ ಮೂಲೆ ಇದ್ದರೆ ಮುಗಿಯಿತು.

ದಪ್ಪಫ್ಲೇಂಜ್
ಹತ್ತು ದಿನ ಆಯ್ತು, ತಡವಾಗಿದ್ದಕ್ಕೆ ಕ್ಷಮಿಸಿ. ಈ ಸಲ ಪೂರ್ತಿ ಪಾರ್ಟೇ ಮಾಡಿದೆವು, ಕತ್ತರಿಸಲೆಂದೇ. 45ರಲ್ಲಿ ನಿಲ್ಲಿಸಿದೆವು. ನಡುವಿನ ತಂತಿ 3 ಗಂಟೆ 10 ನಿಮಿಷಕ್ಕೆ 79 ಮುಟ್ಟಿತು. ಇಳಿದು 49ಕ್ಕೆ ಬರಲು ಇನ್ನೂ ಎರಡು ಗಂಟೆ ಆಯ್ತು. ಆಮೇಲೆ ನಿಮಿಷಕ್ಕೆ 0.3 ಡಿಗ್ರಿಯಂತೆ 80ಕ್ಕೆ ಏರಿಸಿ 6 ಗಂಟೆ. ಏರುವಾಗ ನಡುವೆ ಅತಿ ಹೆಚ್ಚು 86. ಕತ್ತರಿಸಿದರೆ ಬಿರುಕಿಲ್ಲ, ಕಂದು ಇಲ್ಲ. ಖುಷಿಯಾಯಿತು.

ಆದರೆ ರಾತ್ರಿಪಾಳಿ ಸರ್ ಹೇಳಿದ್ದೇ ಆಯ್ತು. ಸ್ಟೀಲ್ ಮೇಲಿನ ತಂತಿ 6 ಗಂಟೆ ಮುಗಿದಾಗಲೂ 72 ದಾಟಿರಲಿಲ್ಲ. ಲ್ಯಾಬ್ ವರದಿ: ನಡುವೆ ಟಿಜಿ 89, ತುದಿಯಲ್ಲಿ 76. ನಮಗೆ ಬೇಕಾದ್ದು 85. ಒಂದೇ ಪಾರ್ಟ್ ಒಂದು ಕಡೆ ಸುಡುತ್ತೇನೆ ಅನ್ನುತ್ತದೆ, ಇನ್ನೊಂದು ಕಡೆ ಚಳಿ ಅನ್ನುತ್ತದೆ.

ಡಿಎಸ್‌ಸಿ ಮೇಜು
76 ಅನ್ನುವುದು ಮೊದಲ ಸಲ ಬಿಸಿ ಮಾಡಿದಾಗಿನದ್ದಾ, ಎರಡನೆಯದ್ದಾ ಕೇಳಿ. ಡಿಎಸ್‌ಸಿಯಲ್ಲಿ (ಸಣ್ಣ ಚೂರನ್ನು ಬಿಸಿ ಮಾಡುತ್ತಾ ಅದರ ಶಾಖ ಅಳೆಯುವ ಯಂತ್ರ) ಒಮ್ಮೆ 200 ದಾಟಿಸಿದರೆ ಆ ಚೂರು ಅಲ್ಲೇ ಪೂರ್ತಿ ಕ್ಯೂರ್ ಆಗಿಬಿಡುತ್ತದೆ. ಎರಡನೇ ಸಲದ ಟಿಜಿ ನೋಡಿದರೆ ಎಲ್ಲ ಪಾರ್ಟೂ ಪಾಸ್. ಇಂಥ ವರದಿ ನೋಡಿ ಮೋಸ ಹೋದವರು ತುಂಬಾ ಜನ.

ಡಿಎಂಎ (ಬಿಸಿ ಮಾಡುತ್ತಾ ಬಿಗಿತ ಅಳೆಯುವ ಪರೀಕ್ಷೆ) ಆಗಿದ್ದರೆ ಯಾವ ಗೆರೆಯಿಂದ ಓದಿದ್ದು ಅಂತಲೂ ಕೇಳಿ. ಟ್ಯಾನ್ ಡೆಲ್ಟಾ (ಕಂಪನವನ್ನು ನುಂಗುವ ಪ್ರಮಾಣ) ಗೆರೆಯ ಗರಿಷ್ಠದಿಂದ ಓದಿದರೆ ಬಿಗಿತ ಕುಸಿಯಲು ಶುರುವಾಗುವ ಜಾಗಕ್ಕಿಂತ 10, 15 ಡಿಗ್ರಿ ಮೇಲೆ ಬರುತ್ತದೆ. ಒಂದೇ ಪಾರ್ಟ್, ಎರಡು ಟಿಜಿ. ಹೋಲಿಸುವಾಗ ಒಂದೇ ವಿಧಾನ ಇರಲಿ.

ಉಳಿದ ಶಾಖ ಅಳೆದು ಶೇಕಡಾವಾರು ಕ್ಯೂರ್ ಹೇಳುವ ವಿಧಾನ ಇಲ್ಲಿ ಕಷ್ಟ. ಚೂರಿನಲ್ಲಿ ಬಹುಪಾಲು ಗಾಜು, ಉಳಿದ ಶಾಖ ತೀರಾ ಸಣ್ಣದು. ಕೊನೆಯ ಹಂತದಲ್ಲಿ ಟಿಜಿಯನ್ನೇ ನಂಬಿ.

ದಪ್ಪಫ್ಲೇಂಜ್
ಕೇಳಿದೆ. ಡಿಎಸ್‌ಸಿ, ಮೊದಲ ಸಲದ್ದೇ. ಎರಡೂ ಚೂರಿಗೆ ಒಂದೇ ವಿಧಾನ.

ಕಲಿಯುವವಳು
72 ಡಿಗ್ರಿಯಲ್ಲಿ ಕ್ಯೂರ್ ಆದದ್ದರ ಟಿಜಿ 76 ಬಂತು. ಇದು ಮೇಲೆ ಹೇಳಿದ ‘ಸ್ವಲ್ಪ ಮೇಲೆ ಹೋಗಿ ನಿಂತುಬಿಡುವುದು’ ಅದೇನಾ?

ಡಿಎಸ್‌ಸಿ ಮೇಜು
ಅದೇ. ಆ ತುದಿಯನ್ನು 72ರಲ್ಲೇ ಇನ್ನೂ ಹತ್ತು ಗಂಟೆ ಇಟ್ಟರೂ ಹೆಚ್ಚೇನೂ ಸಿಗುತ್ತಿರಲಿಲ್ಲ. ಅಲ್ಲಿ ಸಮಯ ಸಾಲದ್ದಲ್ಲ, ಬಿಸಿ ಸಾಲದ್ದು.

ಆಟೋಕ್ಲೇವ್ ರಾತ್ರಿಪಾಳಿ
ಚೌಕಟ್ಟು ಟ್ರಾಲಿಯ ತಟ್ಟೆ ಮೇಲೆ ನೇರ ಕೂತಿದೆಯಾ? ಕೆಳಗೆ ಗಾಳಿ ಹೋಗುತ್ತದಾ?

ದಪ್ಪಫ್ಲೇಂಜ್
ನೇರ ಕೂತಿದೆ. ಗಾಳಿಗೆ ಜಾಗವೇ ಇಲ್ಲ.

ಆಟೋಕ್ಲೇವ್ ರಾತ್ರಿಪಾಳಿ
ನಾಲ್ಕು ಮೂಲೆಗೆ ಅಡಿಗಟ್ಟಿ ಕೊಟ್ಟು ಒಂದು ಗೇಣು ಎತ್ತಿ. ಕೆಳಗೂ ಗಾಳಿ ಆಡಲಿ. ಆ ತಂತಿ 80ರ ಹತ್ತಿರ ಬಂದ ಮೇಲೆ 6 ಗಂಟೆ ಎಣಿಸಿ. ಹಾಗೆಯೇ ಓವನ್ ಕಂಟ್ರೋಲರ್‌ಗೆ ಒಂದು ನಿಯಮ ಹಾಕಿ: 45ರ ತಂಗುದಾಣ ಮುಗಿದು ಏರುವಾಗ ನಡುವಿನ ತಂತಿ ಗಾಳಿಗಿಂತ 10 ಡಿಗ್ರಿ ಮೇಲೆ ಹೋದರೆ ಏರುವುದು ನಿಲ್ಲಲಿ. 10 ಅನ್ನುವುದು ನನ್ನ ಅಂದಾಜು, ನಿಮ್ಮ ಟ್ರಯಲ್ ನೋಡಿ ಬದಲಾಯಿಸಿಕೊಳ್ಳಿ.

ಕಲಿಯುವವಳು
ತುದಿ ಹಸಿ ಉಳಿದ ಪಾರ್ಟ್ ಬಿಸಾಡಬೇಕಾ?

ಬ್ಯಾಗುಪಂಪು
ಕಡಿಮೆ ಕ್ಯೂರ್ ಆದದ್ದನ್ನು ಮತ್ತೆ ನಿಧಾನ ಬಿಸಿ ಮಾಡಿ ಸರಿ ಮಾಡಬಹುದು, ಆಕಾರ ಹಿಡಿದಿಡುವ ಆಸರೆ ಕೊಟ್ಟು. ಕಂದಾಗಿ ಬಿರುಕು ಬಿಟ್ಟದ್ದು ಹೋಯಿತು, ಅದಕ್ಕೆ ಮದ್ದಿಲ್ಲ.

ದಪ್ಪಫ್ಲೇಂಜ್
ಕೊನೆಯ ವರದಿ. ಚೌಕಟ್ಟು ಎತ್ತಿದ ಮೇಲೆ ತುದಿಯ ತಂತಿ ಗಾಳಿಗಿಂತ ಒಂದೂವರೆ ಗಂಟೆ ಹಿಂದೆ ಉಳಿದರೂ 79 ಮುಟ್ಟಿತು. ಅಲ್ಲಿಂದ 6 ಗಂಟೆ ಎಣಿಸಿದೆವು. ಟಿಜಿ ತುದಿಯಲ್ಲಿ 86, ನಡುವೆ 89.

ಈಗ ತಕರಾರು ಬೇರೆ. ಮೊದಲು ಒಂದು ಪಾರ್ಟ್ 7 ಗಂಟೆಯಲ್ಲಿ ಓವನ್‌ನಿಂದ ಹೊರಗೆ ಬರುತ್ತಿತ್ತು. ಈಗ 15 ಗಂಟೆ ಆಚೆ. ಓವನ್ ಇರುವುದು ಒಂದೇ, ತೆಳು ಪಾರ್ಟ್ ಮಾಡುವವರು ನನ್ನನ್ನು ನೋಡಿದರೆ ಮುಖ ತಿರುಗಿಸುತ್ತಾರೆ.

ಬ್ಯಾಗುಪಂಪು
45ರ ತಂಗುದಾಣಕ್ಕೆ ಓವನ್ ಯಾಕೆ ಬೇಕು? ಹೀಟಿಂಗ್ ಬ್ಲಾಂಕೆಟ್ ಹೊದೆಸಿ ಶೆಡ್‌ನಲ್ಲೇ ಮುಗಿಸಿ. ತಂತಿ ಇಳಿದ ಮೇಲೆ ಓವನ್‌ಗೆ ತಳ್ಳಿ. ಒಂದೇ ಎಚ್ಚರ: ಬ್ಲಾಂಕೆಟ್ ಇದ್ದಾಗ ಮೇಲಿನ ದಾರಿಯೂ ಮುಚ್ಚುತ್ತದೆ, ಎಕ್ಸೋಥರ್ಮ್ ಶುರುವಾದ ತಕ್ಷಣ ಅದನ್ನು ತೆಗೆಯಬೇಕು.

ದಪ್ಪಫ್ಲೇಂಜ್
ಇದು ಹೊಳೆದೇ ಇರಲಿಲ್ಲ. ಹಾಗಾದರೆ ಮತ್ತೊಂದು ಟ್ರಯಲ್ ಬ್ಲಾಕ್, ಮತ್ತೆ ಮೂರು ತಂತಿ. ಬ್ಲಾಂಕೆಟ್‌ನ ಗ್ರಾಫ್ ಬಂದ ಮೇಲೆ ಇಲ್ಲೇ ಹಾಕುತ್ತೇನೆ.